ಮೆಕೆಂಜಿ ಎಂಬ ಹೆಸರು ಎಲ್ಲಿಯದು?

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಒಂದು ತೈಲಚಿತ್ರ ಇದೆ. 1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದ ಬರೆದದ್ದು. ನಡುವೆ ಕೆಂಪು ಕೋಟು ತೊಟ್ಟ ಸೇನಾಧಿಕಾರಿ. ಜೊತೆಗೆ ಮೂವರು ಭಾರತೀಯರು. ಒಬ್ಬರ ಕೈಯಲ್ಲಿ ದುರ್ಬೀನು, ಇನ್ನೊಬ್ಬರ ಕೈಯಲ್ಲಿ ಓಲೆಗರಿ. ಹಿಂದೆ ದೂರದಲ್ಲೊಂದು ಬೆಟ್ಟ. ಅದರ ಮೇಲೆ ನಿಂತಿರುವುದು ಬೇರಾರೂ ಅಲ್ಲ, ನಮ್ಮ ಕಾರ್ಕಳದ ಗೊಮ್ಮಟ!

ಆ ಅಧಿಕಾರಿ ಕಾಲಿನ್ ಮೆಕೆಂಜಿ. ಟಿಪ್ಪು ಸುಲ್ತಾನ ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿದವನು. ಊರೂರಿನ ಕೈಫಿಯತ್ತು, ಅಂದರೆ ಆ ಊರಿನ ಚರಿತ್ರೆ, ಬರೆಸಿದವನು. ದಕ್ಷಿಣ ಭಾರತದ 8,000ಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿ ಇಟ್ಟವನು. ನಮ್ಮ ಇತಿಹಾಸ ಓದುವವರಿಗೆ ಈ ಹೆಸರು ಹೊಸದಲ್ಲ. ಆದರೆ ಇವತ್ತು ಆತನ ಕೆಲಸದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಆತನ ಹೆಸರಿನ ಕೊನೆಯ ಅರ್ಧ. ಈ ಮೆಕೆಂಜಿ ಅಂದರೇನು? ಎಲ್ಲಿಯದು? ಎಲ್ಲೆಲ್ಲಿಗೆ ಹೋಯಿತು?

ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯ ಹಳೆಯ ಭಾಷೆ ಗೇಲಿಕ್. ಅದರಲ್ಲಿ 'ಮ್ಯಾಕ್' ಅಂದರೆ ಮಗ. 'ಕೊನ್ಯಖ್' ಎನ್ನುವುದು ಗಂಡಸಿನ ಹೆಸರು. ಚೆಲುವ ಎಂಬ ಅರ್ಥ. ಇಂಗ್ಲಿಷಿನವರು ಅದಕ್ಕೆ ಕೆನ್ನೆತ್ ಅನ್ನುತ್ತಾರೆ. ಅಂದರೆ ಮೆಕೆಂಜಿ ಎಂದರೆ ಕೆನ್ನೆತ್ತನ ಮಗ, ಅಷ್ಟೇ. ಹೆಣ್ಣುಮಕ್ಕಳಿಗೆ ಮ್ಯಾಕ್ ಇಲ್ಲ, 'ನಿಕ್' ಇದೆ. ಗೇಲಿಕ್ ಮಾತಾಡುವ ಮನೆಯಲ್ಲಿ ಅಣ್ಣ ಮ್ಯಾಕ್ ಆದರೆ ತಂಗಿ ನಿಕ್. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೊದಮೊದಲು ಈ ಮ್ಯಾಕ್ ಎನ್ನುವುದು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ನಮ್ಮಲ್ಲಿ ಅಪ್ಪನ ಹೆಸರು ಇನಿಷಿಯಲ್ ಆಗುತ್ತದೆ, ಮಗನ ಕಾಲಕ್ಕೆ ಅದು ಬೇರೆ ಆಗುತ್ತದೆ, ಅಲ್ವಾ? ಹಾಗೆಯೇ. ಯಾವುದೋ ಒಬ್ಬ ಕೆನ್ನೆತ್ ದೊಡ್ಡ ನಾಯಕನಾದಾಗ ಅವನ ಹೆಸರು ಅಲ್ಲೇ ನಿಂತುಬಿಟ್ಟಿತು. ಮಗನಿಗೂ ಅದೇ, ಮೊಮ್ಮಗನಿಗೂ ಅದೇ.

ಈಗ ಒಂದು ತಮಾಷೆ. ಗೇಲಿಕ್ ಹೆಸರಿನ ನಡುವಿನ ಸದ್ದು ನಮ್ಮ ಞ ಅಕ್ಷರಕ್ಕೆ ಬಹಳ ಹತ್ತಿರ. ನಾವು ವರ್ಣಮಾಲೆಯಲ್ಲಿ ಕಲಿತು, ಆಮೇಲೆ ಒಂಟಿಯಾಗಿ ಎಲ್ಲೂ ಬಳಸದೆ ಮರೆತುಬಿಡುವ ಆ ಞ! ಹಳೆಯ ಸ್ಕಾಟರು ಅದನ್ನು ಬರೆಯಲು ಎನ್ ಪಕ್ಕದಲ್ಲಿ, ಯ ಸದ್ದಿಗಾಗಿ, 'ಯೋಖ್' ಎಂಬ ಅಕ್ಷರ ಬಳಸುತ್ತಿದ್ದರು. ನೋಡಲು ಬಾಲ ಇಳಿಬಿಟ್ಟ 3ರಂತೆ. ಕೈಬರಹ ಇದ್ದಷ್ಟು ಕಾಲ ತೊಂದರೆ ಇರಲಿಲ್ಲ. ಅಚ್ಚಿನ ಯಂತ್ರ ಬಂತು. ಅಕ್ಷರದ ಅಚ್ಚುಮೊಳೆಗಳು ಸಮುದ್ರದಾಚೆಯ ಯುರೋಪಿನಿಂದ ಬರುತ್ತಿದ್ದವು. ಆ ಪೆಟ್ಟಿಗೆಯಲ್ಲಿ ಯೋಖ್ ಇರಲಿಲ್ಲ. ಮೊಳೆ ಜೋಡಿಸುವವನು ಏನು ಮಾಡಿಯಾನು? ನೋಡಲು ಅದೇ ತರಹ ಕಾಣುವ ಝಡ್ ತೆಗೆದು ಕೂರಿಸಿದ. ಓದುವವರಿಗೆ ಗೊತ್ತಿತ್ತು, ಅದನ್ನು ಯ ಅಂತಲೇ ಓದುತ್ತಿದ್ದರು. ಕಾಲ ಕಳೆದಂತೆ ಯೋಖ್ ಮರೆತೇ ಹೋಯಿತು. ಅಚ್ಚಿನಲ್ಲಿ ಝಡ್ ಇದೆ, ಹಾಗಾಗಿ ಬಾಯಲ್ಲೂ ಝಡ್ ಬಂತು.

ಎಲ್ಲ ಹೆಸರುಗಳೂ ಹೀಗೆ ಸೋಲಲಿಲ್ಲ. ಝಡ್ ಇಟ್ಟು ಬರೆಯುವ 'ಮೆಂಝೀಸ್' ಎಂಬ ಹೆಸರನ್ನು ಸ್ಕಾಟ್ಲೆಂಡಿನ ಹಳಬರು ಈಗಲೂ 'ಮಿಂಗಿಸ್' ಅನ್ನುತ್ತಾರೆ. ಮೆಂಝೀಸ್ ಕ್ಯಾಂಬೆಲ್ ಎಂಬ ರಾಜಕಾರಣಿಯನ್ನು ಎಲ್ಲರೂ 'ಮಿಂಗ್' ಎಂದು ಕರೆದದ್ದು ಇದರಿಂದಲೇ. ಮೆಕೆಂಜಿ ಮಾತ್ರ ಪೂರ್ತಿ ಶರಣಾಯಿತು. ಅಲ್ಲಿಂದ ಅದು ಕನ್ನಡಕ್ಕೆ ಬಂತು. ನಮ್ಮಲ್ಲಿ ಝಡ್ ಸದ್ದು ಇಲ್ಲ, ನಾವು ಜ ಮಾಡಿಕೊಂಡೆವು. ಞ ಇದ್ದದ್ದು ಝಡ್ ಆಗಿ, ಝಡ್ ಇದ್ದದ್ದು ಜ ಆಗಿದೆ. ಮೂಲ ಸದ್ದಿಗೆ ಸರಿಯಾದ ಅಕ್ಷರ ಇದ್ದದ್ದು ನಮ್ಮ ಹತ್ತಿರ. ನಾವೂ ಅದನ್ನು ಬಳಸಲಿಲ್ಲ!

ಇನ್ನು ನೆಲದ ವಿಷಯ. ಸ್ಕಾಟ್ಲೆಂಡಿನ ಪಡುವಣ ಕಡಲತೀರದಲ್ಲಿ, ಸ್ಕೈ ದ್ವೀಪದ ಎದುರಿಗೆ, ಕಿಂಟೇಲ್ ಎಂಬ ಸೀಮೆ ಇದೆ. ಕಡಿದಾದ ಬೆಟ್ಟ, ಒಳನುಗ್ಗಿದ ಕಡಲು. ಮೂರು ಹಿನ್ನೀರು ಕೂಡುವ ಕಡೆ ಪುಟ್ಟ ದ್ವೀಪದ ಮೇಲೆ ಐಲಿಯನ್ ಡೋನನ್ ಕೋಟೆ. ಕ್ಯಾಲೆಂಡರುಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳ ಮೇಲೆ ಸ್ಕಾಟ್ಲೆಂಡ್ ಅಂತ ಹಾಕುವ ಕೋಟೆ ಹೆಚ್ಚಾಗಿ ಇದೇ. ಮೆಕೆಂಜಿಗಳ ಮೂಲನೆಲೆ ಇದು. 1463ರಲ್ಲಿ ಕಿಂಟೇಲಿನ ಒಡೆತನದ ಸನ್ನದು ಅವರ ಕೈಗೆ ಬಂತು. ಸ್ವಲ್ಪ ಕಾಲಕ್ಕೆ ರಾಸ್ ಪ್ರಾಂತ್ಯದ ದೊಡ್ಡ ಒಡೆಯನ ಅಧಿಕಾರವನ್ನು ದೊರೆ ಕಿತ್ತುಕೊಂಡ. ಖಾಲಿಯಾದ ಜಾಗಕ್ಕೆ ಮೆಕೆಂಜಿಗಳು ನುಗ್ಗಿದರು. ಕತ್ತಿಗಿಂತ ಕಾಗದಪತ್ರದಲ್ಲಿ ಅವರು ಜಾಣರು ಅಂತ ನನಗೆ ಅನಿಸುತ್ತದೆ. ದೊರೆಯ ಪರ ನಿಲ್ಲುವುದು, ಪಕ್ಕದವನ ಸಾಲದ ಪತ್ರ ಕೊಳ್ಳುವುದು, ಮದುವೆ ಕುದುರಿಸುವುದು. ಪಡುವಣದಿಂದ ಮೂಡಣ ಕಡಲಿನವರೆಗೆ ಹಬ್ಬಿದರು. 1610ರಲ್ಲಿ ಲೂಯಿಸ್ ದ್ವೀಪವನ್ನೂ ಮ್ಯಾಕ್ಲಿಯಡ್ ಜನರಿಂದ ಪಡೆದರು. 1623ರಲ್ಲಿ ಮನೆತನದ ಯಜಮಾನನಿಗೆ ಅರ್ಲ್ ಆಫ್ ಸೀಫೋರ್ತ್ ಎಂಬ ಪದವಿ. ಸೀಫೋರ್ತ್ ಎನ್ನುವುದು ಆ ದ್ವೀಪದ್ದೇ ಒಂದು ಹಿನ್ನೀರಿನ ಹೆಸರು.

ಮನೆತನದ ಇನ್ನೊಂದು ಕವಲಿನವನು ಇನ್ನೂ ಚಾಲಾಕಿ. ಕ್ರೋಮಾರ್ಟಿ ಎಂಬ ಪುಟ್ಟ ಜಿಲ್ಲೆಯ ಒಡೆಯನಾದ ಆತ, ತನ್ನ ಜಮೀನು ಎಲ್ಲೆಲ್ಲಿ ಇದೆಯೋ ಅದೆಲ್ಲ ಕ್ರೋಮಾರ್ಟಿ ಜಿಲ್ಲೆಗೇ ಸೇರಬೇಕು ಅಂತ ಕಾನೂನು ಮಾಡಿಸಿಕೊಂಡ. ಒಂದು ಜಿಲ್ಲೆ ಇಪ್ಪತ್ತಕ್ಕೂ ಹೆಚ್ಚು ತುಂಡಾಗಿ ಇನ್ನೊಂದು ಜಿಲ್ಲೆಯೊಳಗೆ ಚೆಲ್ಲಾಡಿತು. 1889ರಲ್ಲಿ ಎರಡನ್ನೂ ಸೇರಿಸುವವರೆಗೂ ನಕ್ಷೆ ಹಾಗೇ ಇತ್ತು.

ಈ ನೆಲದಲ್ಲಿ ಇದ್ದವರೆಲ್ಲ ಒಂದೇ ರಕ್ತವೇ? ಇಲ್ಲ. ಇಲ್ಲೇ ಬಹಳ ಜನ ತಪ್ಪುತ್ತಾರೆ. ಒಡೆಯನ ನೆಲದಲ್ಲಿ ಗೇಣಿಗೆ ಇದ್ದವನು, ಅವನ ಪರ ಕತ್ತಿ ಹಿಡಿದವನು, ಅವನ ಆಸರೆಗೆ ಬಂದವನು, ಇವರಲ್ಲೂ ಬಹಳ ಜನ ಒಡೆಯನ ಹೆಸರನ್ನೇ ಇಟ್ಟುಕೊಂಡರು. ಹೆಸರು ಹೇಳಿದರೆ ಯಾರ ನೆರಳಲ್ಲಿದ್ದಾನೆ ಅಂತ ಗೊತ್ತಾಗುತ್ತಿತ್ತು. ಯಾರ ಮಗ ಅಂತ ಅಲ್ಲ.

ಒಡೆಯರಿಗೆ ಮಾತ್ರ ವಂಶದ ಚಪಲ ಇತ್ತು. ತಾವು ಗೇಲಿಕ್ ಬೆಟ್ಟದ ಜನ ಅನ್ನುವುದು ಅವರಿಗೆ ಸಾಲಲಿಲ್ಲ. ಕಾಲಿನ್ ಫಿಟ್ಜೆರಾಲ್ಡ್ ಎಂಬ ಐರಿಷ್ ಶ್ರೀಮಂತ ತಮ್ಮ ಮೂಲಪುರುಷ ಅಂದರು. ಆತ ಮೂರನೇ ಅಲೆಕ್ಸಾಂಡರ್ ದೊರೆಯನ್ನು ಗಾಯಗೊಂಡ ಗಂಡು ಜಿಂಕೆಯಿಂದ ಕಾಪಾಡಿದನಂತೆ. ಅದಕ್ಕೇ ಕಿಂಟೇಲ್ ಸಿಕ್ಕಿತಂತೆ. ಅದಕ್ಕೇ ಲಾಂಛನದಲ್ಲಿ ಜಿಂಕೆಯ ಕೊಂಬಂತೆ. 1786ರಲ್ಲಿ ಈ ಪ್ರಸಂಗವನ್ನು ಬೆಂಜಮಿನ್ ವೆಸ್ಟ್ ಎಂಬ ಹೆಸರಾಂತ ಕಲಾವಿದನಿಂದ ಗೋಡೆ ತುಂಬುವಷ್ಟು ದೊಡ್ಡದಾಗಿ ಬರೆಸಿಯೂ ಬಿಟ್ಟರು. ಚಿತ್ರ ಈಗ ಎಡಿನ್‌ಬರೋದಲ್ಲಿದೆ. ಬಹಳ ಚೆನ್ನಾಗಿದೆ. ಆದರೆ ಕತೆ ಸುಳ್ಳು. ಹಳೆಯ ಗೇಲಿಕ್ ವಂಶಾವಳಿಗಳಲ್ಲಿ ಈ ಐರಿಷ್ ಅಜ್ಜನ ಸುಳಿವೇ ಇಲ್ಲ. ಅವನು ಹುಟ್ಟಿಕೊಂಡದ್ದು 17ನೇ ಶತಮಾನದ ಕಾಗದಗಳಲ್ಲಿ.

ಗೇಣಿದಾರರ ನಿಷ್ಠೆ ಮಾತ್ರ ಸುಳ್ಳಲ್ಲ. 1715ರಲ್ಲಿ ಸೀಫೋರ್ತಿನ ಒಡೆಯ ಪದಚ್ಯುತ ಸ್ಟುವರ್ಟ್ ದೊರೆಗಳ ಪರ ದಂಗೆ ಎದ್ದ. ಸೋತ. ಆಸ್ತಿ ಜಪ್ತಿಯಾಯಿತು. 1719ರಲ್ಲಿ ಸ್ಪೇನಿನ ಸೈನಿಕರ ಜೊತೆ ಮತ್ತೆ ಬಂದ. ಬ್ರಿಟಿಷ್ ಹಡಗುಗಳು ಐಲಿಯನ್ ಡೋನನ್ ಕೋಟೆಯನ್ನು ಪುಡಿ ಮಾಡಿದವು. ನಾವು ಈಗ ನೋಡುವುದು 1912ರಿಂದ 1932ರವರೆಗೆ ಮತ್ತೆ ಕಟ್ಟಿದ ಕೋಟೆ. ಒಡೆಯ ಫ್ರಾನ್ಸಿಗೆ ಓಡಿದ. ಸರ್ಕಾರ ಗೇಣಿ ಕೇಳಲು ಬಂತು. ಜನ ಕೊಡಲಿಲ್ಲ. ಡೊನಾಲ್ಡ್ ಮರ್ಚಿಸನ್ ಎಂಬ ಪಾರುಪತ್ಯಗಾರ ಗುಟ್ಟಾಗಿ ಗೇಣಿ ಎತ್ತಿ ಕಡಲಾಚೆಯ ಒಡೆಯನಿಗೆ ಕಳುಹಿಸುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆಯಿತು.

ಅದಕ್ಕೆ ಸಿಕ್ಕಿದ್ದೇನು? ಮುಂದಿನ ತಲೆಮಾರುಗಳ ಒಡೆಯರು ಸಾಲಗಾರರಾದರು. ಗೇಣಿ ಏರಿತು. ಕುರಿ ಸಾಕಿದರೆ ಜನರಿಗಿಂತ ಲಾಭ ಜಾಸ್ತಿ ಅಂತ ಲೆಕ್ಕ ಬಂತು. 1773ರಲ್ಲಿ ಮೆಕೆಂಜಿ ಸೀಮೆಯ ಲೋಕ್ ಬ್ರೂಮ್ ಎಂಬಲ್ಲಿಂದ 'ಹೆಕ್ಟರ್' ಎಂಬ ಹಳೆಯ ಹಡಗು ಸುಮಾರು 200 ಜನರನ್ನು ತುಂಬಿಕೊಂಡು ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೊರಟಿತು. ದಾರಿಯಲ್ಲಿ ಮಕ್ಕಳು ಸಿಡುಬಿನಿಂದ, ಭೇದಿಯಿಂದ ಸತ್ತರು. 1792ನೇ ಇಸವಿಗೆ ಗೇಲಿಕ್‌ನಲ್ಲಿ 'ಕುರಿಗಳ ವರ್ಷ' ಅನ್ನುತ್ತಾರೆ. ಆ ವರ್ಷ ರಾಸ್ ಸೀಮೆಯ ರೈತರು ಸಾವಿರಾರು ಕುರಿಗಳನ್ನು ಒಟ್ಟಾಗಿ ಅಟ್ಟಿ ಸೀಮೆಯಿಂದ ಆಚೆ ಓಡಿಸಲು ನೋಡಿದರು. ಸೈನ್ಯ ಬಂತು. ಕುರಿಗಳು ಉಳಿದವು, ಜನ ಹೊರಟರು. 1844ರಲ್ಲಿ ಲೂಯಿಸ್ ದ್ವೀಪವನ್ನೇ ಇಡಿಯಾಗಿ ಮಾರಿದರು. ಕೊಂಡವನು ಚೀನಾ ವ್ಯಾಪಾರದಲ್ಲಿ ದುಡ್ಡು ಮಾಡಿದ ಜೇಮ್ಸ್ ಮ್ಯಾಥೆಸನ್. ನೆಲ ಯಾರದ್ದೋ ಆಯಿತು. ಒಡೆಯನ ಹೆಸರು ಮಾತ್ರ ಗೇಣಿದಾರನ ಮೈಮೇಲೆ ಉಳಿಯಿತು. ಅದನ್ನು ಹೊತ್ತುಕೊಂಡೇ ಅವನು ಹಡಗು ಹತ್ತಿದ.

ದಂಡಿಗೆ ಸೇರಿ ಹೋದವರೂ ಬಹಳ. ಸೀಫೋರ್ತಿನವರು ತಮ್ಮ ಜನರನ್ನೇ ಸೇರಿಸಿ ಪಲ್ಟನ್ ಕಟ್ಟಿ ಇಂಡಿಯಾಕ್ಕೆ ಕಳುಹಿಸಿದರು. ಹಾಗೆ ಬಂದ ಒಡೆಯ ಕೆನ್ನೆತ್ 1781ರಲ್ಲಿ ದಾರಿಯಲ್ಲೇ, ಕಡಲ ಮೇಲೆ ಸತ್ತ. ಅವನ ಆಸ್ತಿ ಪಡೆದಿದ್ದ ದಾಯಾದಿ ಹಂಬರ್‌ಸ್ಟನ್ ಹೈದರಾಲಿಯ ವಿರುದ್ಧ ಮಲಬಾರಿನಲ್ಲಿ ಹೋರಾಡಿದ, ಬಿದನೂರಿನ ದಂಡಯಾತ್ರೆಯಲ್ಲೂ ಇದ್ದ. 1783ರಲ್ಲಿ ಮರಾಠರ ಹಡಗುಗಳ ಜೊತೆ ಕಾದಾಡಿ ಗಾಯಗೊಂಡು ಸತ್ತ. ಆಸ್ತಿ ಅವನ ತಮ್ಮ ಫ್ರಾನ್ಸಿಸ್‌ಗೆ ಬಂತು. ಜಿಂಕೆಯ ಚಿತ್ರ ಬರೆಸಿದವನು ಇವನೇ. ನಮ್ಮ ಕಾಲಿನ್ ಮೆಕೆಂಜಿಗೆ ಆಶ್ರಯ ಕೊಟ್ಟವನೂ ಇವನೇ. ಬಾರ್ಬಡೋಸ್ ದ್ವೀಪದ ಗವರ್ನರ್ ಆಗಿದ್ದ. ಗುಲಾಮರನ್ನು ದುಡಿಸುವ ತೋಟಗಳು ಇವನಿಗೆ ದಕ್ಷಿಣ ಅಮೆರಿಕದ ಬರ್ಬೀಸ್‌ನಲ್ಲಿ ಇದ್ದವು. ವೆಸ್ಟ್ ಇಂಡೀಸ್ ಕಡೆ ಇವತ್ತು ಸ್ಕಾಟಿಷ್ ಹೆಸರಿನ ಕಪ್ಪು ಜನರನ್ನು ಕಂಡರೆ ಅದರ ಹಿಂದೆ ಇಂಥ ತೋಟಗಳಿವೆ. ಅಲ್ಲಿ ಆ ಹೆಸರುಗಳನ್ನು ಎಲ್ಲರೂ ಇಷ್ಟಪಟ್ಟು ಇಟ್ಟುಕೊಂಡದ್ದಲ್ಲ.

ಲೂಯಿಸ್ ದ್ವೀಪದ ಪೇಟೆ ಸ್ಟಾರ್ನೊವೇ. ಕಾಲಿನ್ ಹುಟ್ಟಿದ್ದು ಅಲ್ಲಿ, ಸುಮಾರು 1754ರಲ್ಲಿ. ಹತ್ತು ವರ್ಷದ ಮೇಲೆ, 1764ರಲ್ಲಿ, ಅದೇ ಪೇಟೆಯಲ್ಲಿ ಅಲೆಕ್ಸಾಂಡರ್ ಮೆಕೆಂಜಿ ಹುಟ್ಟಿದ. ಕಾಲಿನ್ ಬೆಚ್ಚಗಿನ ದಿಕ್ಕಿಗೆ ಬಂದ. ಅಲೆಕ್ಸಾಂಡರ್ ಕೆನಡಾಕ್ಕೆ ಹೋಗಿ ತುಪ್ಪಳದ ವ್ಯಾಪಾರಿಯಾದ. ಪೆಸಿಫಿಕ್ ಸಾಗರಕ್ಕೆ ದಾರಿ ಹುಡುಕುತ್ತ 1789ರಲ್ಲಿ ಒಂದು ದೊಡ್ಡ ನದಿ ಹಿಡಿದು ಹೋದ. ಅದು ಕರೆದುಕೊಂಡು ಹೋದದ್ದು ಉತ್ತರದ ಹಿಮದ ಸಾಗರಕ್ಕೆ! ಇವತ್ತು ಅದೇ ಮೆಕೆಂಜಿ ನದಿ. ಬಿಡಲಿಲ್ಲ. 1793ರಲ್ಲಿ ಬೆಟ್ಟ ದಾಟಿ ಪೆಸಿಫಿಕ್ ಮುಟ್ಟಿದ. ಅಲ್ಲಿನ ಬಂಡೆಯ ಮೇಲೆ, ಕೆಂಪು ಬಣ್ಣವನ್ನು ಕೊಬ್ಬಿನಲ್ಲಿ ಕಲಸಿ, ತನ್ನ ಹೆಸರು ಬರೆದ. ಕೆನಡಾದಿಂದ ನೆಲದ ದಾರಿಯಲ್ಲಿ ಬಂದೆ, 1793ರ ಜುಲೈ 22, ಎಂದು. ಒಂದೇ ಪೇಟೆಯ ಇಬ್ಬರಲ್ಲಿ ಒಬ್ಬ ಕಲ್ಲಿನ ಮೇಲೆ ತನ್ನ ಹೆಸರು ಬರೆದ. ಇನ್ನೊಬ್ಬ ಕಲ್ಲಿನ ಮೇಲಿದ್ದ ಬೇರೆಯವರ ಹೆಸರುಗಳನ್ನು ಬರೆದುಕೊಂಡ. ನನಗೆ ಎರಡನೆಯವನು ಇಷ್ಟ. ನಾನು ಕನ್ನಡದವನು, ಪಕ್ಷಪಾತ ಇರಬಹುದು.

ಅಲೆಕ್ಸಾಂಡರ್ ಕೊನೆಗೆ ಊರ ಕಡೆ ಮರಳಿ ಮದುವೆಯಾದ. ಹುಡುಗಿಯ ಮನೆತನವೂ ಮೆಕೆಂಜಿಯೇ. ಒಂದೇ ಹೆಸರು ಅಂತ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ರಕ್ತವಲ್ಲ ಅಂತ ಆಗಲೇ ಹೇಳಿದೆನಲ್ಲ.

ಕೆನಡಾಕ್ಕೆ ಇದೇ ಹೆಸರಿನ ಇನ್ನೊಬ್ಬ ಅಲೆಕ್ಸಾಂಡರ್ ಪ್ರಧಾನಿಯಾದ, 1873ರಿಂದ 78ರವರೆಗೆ. ಟೊರಾಂಟೊದ ಮೊದಲ ಮೇಯರ್ ವಿಲಿಯಂ ಲಯನ್ ಮೆಕೆಂಜಿ 1837ರಲ್ಲಿ ಸರ್ಕಾರದ ಮೇಲೆಯೇ ದಂಗೆ ಎದ್ದ. ಮಗಳ ಮಗ, ಅಜ್ಜನ ಹೆಸರನ್ನೇ ಹೊತ್ತವನು, ಮುಂದೆ ಅದೇ ದೇಶವನ್ನು 21 ವರ್ಷ ಆಳಿದ.

ಎಲ್ಲರೂ ದೊಡ್ಡವರೇ ಅಂದುಕೊಳ್ಳಬೇಡಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನಡುವೆ, ಬೆಟ್ಟಗಳು ಸುತ್ತುವರಿದ ದೊಡ್ಡ ಹುಲ್ಲುಗಾವಲಿಗೆ ಮೆಕೆಂಜಿ ಸೀಮೆ ಎಂದು ಹೆಸರು. ಯಾರ ಹೆಸರು? ಒಬ್ಬ ಕುರಿಕಳ್ಳನದು! ಜೇಮ್ಸ್ ಮೆಕೆಂಜಿ, ಗೇಲಿಕ್ ಮಾತಿನ ಕುರಿಗಾಹಿ. 1855ರಲ್ಲಿ ಸುಮಾರು 1,000 ಕುರಿಗಳ ಜೊತೆ ಆ ಬಯಲಿನ ದಾರಿಯಲ್ಲಿ ಸಿಕ್ಕಿಬಿದ್ದ. ಜೊತೆಗಿದ್ದದ್ದು ಫ್ರೈಡೇ ಎಂಬ ನಾಯಿ. ಆ ನಾಯಿಗೆ ಗೇಲಿಕ್ ಬಿಟ್ಟು ಬೇರೆ ಮಾತು ಅರ್ಥವಾಗುತ್ತಿರಲಿಲ್ಲ ಅಂತ ಜನ ಹೇಳುತ್ತಾರೆ. ಒಂದು ವರ್ಷ ತುಂಬುವ ಮೊದಲೇ ಅವನಿಗೆ ಕ್ಷಮೆ ಸಿಕ್ಕಿತು. ಕುರಿಗಳಿಗಾಗಿ ನೆಲ ಬಿಟ್ಟವರ ಹೆಸರು ಹೊತ್ತವನು, ಕುರಿ ಕದ್ದು ಒಂದು ಸೀಮೆಗೇ ಹೆಸರಾದ.

ಹೆಸರಿನ ಮೊದಲಿಗೆ ಎಂ-ಎ-ಸಿ ಬರೆದರೆ ಸ್ಕಾಟಿಷ್, ಸುಮ್ನೆ ಎಂ-ಸಿ ಬರೆದರೆ ಐರಿಷ್ ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಚಿಕ್ಕದು ದೊಡ್ಡದರ ಸಂಕ್ಷೇಪ, ಅಷ್ಟೇ. ಚರ್ಚಿನ ಗುಮಾಸ್ತ, ಬಂದರಿನ ಗುಮಾಸ್ತ ಹೇಗೆ ಬರೆದರೋ ಹಾಗೆ ಉಳಿಯಿತು.

ಈಗ ಈ ಹೆಸರು ಇನ್ನೊಂದು ಜಿಗಿತ ಹಾಕಿದೆ. ಅಮೆರಿಕದಲ್ಲಿ 1990ರ ದಶಕದಿಂದ ಹೆಣ್ಣುಮಕ್ಕಳಿಗೆ ಮೆಕೆಂಜಿ ಅಂತಲೇ ಹೆಸರಿಡುತ್ತಿದ್ದಾರೆ. ಅಡ್ಡಹೆಸರಲ್ಲ, ತೊಟ್ಟಿಲಲ್ಲಿ ಹಾಕಿ ಕರೆಯುವ ಹೆಸರು. ಮುದ್ದಿಗೆ ಕೆಂಜಿ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಮ್ಯಾಕ್ ಎಂದರೆ ಮಗ. ಸ್ಟಾರ್ನೊವೇ ಪೇಟೆಯ ಗೇಲಿಕ್ ಅಜ್ಜಿಯೊಬ್ಬಳಿಗೆ ಈ ಮಗುವನ್ನು ತೋರಿಸಿದರೆ, ಅವಳು ಮೊದಲು ಮ್ಯಾಕ್ ತೆಗೆದು ನಿಕ್ ಸೇರಿಸಿಯೇ ಎತ್ತಿಕೊಂಡಾಳು.

ನಮಸ್ಕಾರ.