ಗಡ್ಡದ ಓತಿಯ ತಟ್ಟೆಗೆ ಎಷ್ಟು ಹಣ್ಣು?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕೆಲವು ಮನೆಗಳಲ್ಲಿ ಈಗ ನಾಯಿ ಬೆಕ್ಕುಗಳ ಜೊತೆಗೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿಯೂ ಗಾಜಿನ ಪೆಟ್ಟಿಗೆಯೊಳಗೆ ಬೆಳೆಯುತ್ತಿದೆ. ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯಲ್ಲಿ ಹುಳು, ಎಲೆ, ಹೂಗಳನ್ನು ತಿಂದು ಬದುಕುವ ಈ ಪ್ರಾಣಿಗೆ, ನಾವು ತೋಟಗಳಲ್ಲಿ ಬೆಳೆಯುವಂಥ ಸಿಹಿಹಣ್ಣು ಸಹಜ ಆಹಾರವಲ್ಲ. ಆದರೂ ಕೊಟ್ಟರೆ ಆಸೆಯಿಂದ ತಿನ್ನುತ್ತದೆ, ತೊಡಕಿರುವುದೇ ಅಲ್ಲಿ. ಹಣ್ಣಿನ ರುಚಿ ಹತ್ತಿದ ಓತಿ ಸೊಪ್ಪಿನ ಕಡೆ ತಿರುಗಿಯೂ ನೋಡದೆ ಹಟ ಹಿಡಿಯಬಹುದು.

ಬೆಳೆದ ಓತಿಯ ಊಟದಲ್ಲಿ ಸೊಪ್ಪು ತರಕಾರಿಗಳದೇ ದೊಡ್ಡ ಪಾಲು, ಮರಿಗಳಿಗಾದರೆ ಹುಳುಗಳೇ ಮುಖ್ಯ. ಹಣ್ಣು ಶೇಕಡಾ 10ನ್ನು ಮೀರದಂತೆ, ವಾರಕ್ಕೆ ಒಂದೆರಡು ಸಲ ಮಾತ್ರ ಇರಲಿ. ಸಿಪ್ಪೆ, ಬೀಜ ತೆಗೆದು, ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಚಿಕ್ಕದಾಗಿ ಹೆಚ್ಚಿ, ಸೊಪ್ಪಿನೊಂದಿಗೆ ಬೆರೆಸಿಡುವುದು ಒಳ್ಳೆಯದು.

ಸಿಹಿಯಿಂದ ಬೊಜ್ಜು ಬರುವುದು ಎಲ್ಲರಿಗೂ ತಿಳಿದದ್ದೇ, ಆದರೆ ಹಲ್ಲಿನ ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಈ ಓತಿಯ ಪಕ್ಕದ ಹಲ್ಲುಗಳು ಗುಳಿಯೊಳಗೆ ಬೇರೂರಿರುವುದಿಲ್ಲ. ದವಡೆಮೂಳೆಯ ಅಂಚಿಗೇ ಬೆಸೆದುಕೊಂಡಿರುತ್ತವೆ, ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಮೆತ್ತನೆಯ ಸಿಹಿಪದಾರ್ಥ ಅವುಗಳ ಬುಡದಲ್ಲಿ ದಿನವೂ ಅಂಟಿ ಕೂತರೆ ಪಾಚಿ ಕಟ್ಟಿ, ವಸಡು ಕೆಂಪಾಗಿ ಹಿಂದೆ ಸರಿದು, ಕೊನೆಗೆ ಸೋಂಕು ಮೂಳೆಗೇ ಇಳಿಯುತ್ತದೆ. ಓತಿ ಬಾಯಿ ತೆರೆದು ಬಿಸಿಲು ಕಾಯುವಂತೆ ದೀಪದಡಿ ಕೂತಾಗ ಹಲ್ಲಿನ ಅಂಚು ಕಂದು ಅಥವಾ ಕಪ್ಪಾಗಿ ಕಂಡರೆ ವೈದ್ಯರಿಗೆ ತೋರಿಸಲೇಬೇಕು.

ಯಾವ ಹಣ್ಣು ಎಂದರೆ, ನನ್ನ ಮೊದಲ ಆಯ್ಕೆ ಪರಂಗಿ. 100 ಗ್ರಾಂ ಪರಂಗಿಯಲ್ಲಿ ಸುಮಾರು 20 ಮಿಲಿಗ್ರಾಂ ಸುಣ್ಣಾಂಶವೂ ಅದರ ಅರ್ಧದಷ್ಟು ರಂಜಕವೂ ಇರುತ್ತವೆ. ಓತಿಯ ಮೂಳೆಗೆ ಇವೆರಡೂ ಬೇಕಾದದ್ದು ಹೆಚ್ಚುಕಡಿಮೆ ಇದೇ ಎರಡಕ್ಕೊಂದರ ಅನುಪಾತದಲ್ಲಿ. ತಾಜಾ ಅಂಜೂರವೂ ಒಳ್ಳೆಯದು. ಬಾಳೆಹಣ್ಣಿನ ಲೆಕ್ಕ ತಿರುವುಮುರುವು, ರಂಜಕವೇ ನಾಲ್ಕು ಪಟ್ಟು ಹೆಚ್ಚು. ಆದ್ದರಿಂದ ಅದು ಎಂದಾದರೊಮ್ಮೆ ಸಾಕು. ಮಾವು, ಸೇಬು ಮಿತವಾಗಿ ಆಗಬಹುದು. ಕಿತ್ತಳೆ, ಮೂಸಂಬಿಗಳ ಹುಳಿಯಿಂದ ಹೊಟ್ಟೆ ಕೆಡುವುದುಂಟು.

ನಮ್ಮೂರಿನ ಜ್ಯೂಸ್ ಅಂಗಡಿಗಳಲ್ಲೆಲ್ಲ ಸಿಗುವ ಬಟರ್ ಫ್ರೂಟ್ ಮಾತ್ರ ಚೂರೂ ಬೇಡ. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿ, ಮೊಲ, ಆಡುಗಳಿಗೆ ವಿಷವಾಗುವುದು ಖಚಿತವಾಗಿ ತಿಳಿದಿದೆ. ಓತಿಯ ಮೇಲೆ ಅದನ್ನು ಪರೀಕ್ಷಿಸಿ ನೋಡುವ ಕೆಲಸ ನಮಗೆ ಬೇಡ.

ಹಣ್ಣನ್ನು ಬೆಳಗ್ಗೆಯೇ ಕೊಡಿ. ಓತಿ ತಿಂದದ್ದು ಅರಗಬೇಕಾದರೆ ಸುಮಾರು 40 ಡಿಗ್ರಿ ಕಾವಿರುವ ಜಾಗದಲ್ಲಿ ಅದು ಕೆಲವು ಗಂಟೆಗಳಾದರೂ ಮೈ ಕಾಯಿಸಿಕೊಳ್ಳಬೇಕು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ದೀಪವಿಲ್ಲದೆ ಇದು ಸಾಧ್ಯವಿಲ್ಲ. ಕರೆಂಟ್ ಹೋಗಿ ಪೆಟ್ಟಿಗೆ ತಣ್ಣಗಾಗಿದ್ದರೆ ಆ ಹೊತ್ತಿಗೆ ತಟ್ಟೆ ಖಾಲಿಯಿದ್ದರೂ ಚಿಂತೆಯಿಲ್ಲ. ಉಳಿದ ಚೂರುಗಳನ್ನು ನೊಣ ಮುತ್ತುವ ಮೊದಲೇ ತೆಗೆದುಬಿಡಿ. ಹಣ್ಣು ತಿಂದ ಮರುದಿನ ಹಿಕ್ಕೆ ನೀರಾಗಿದ್ದರೆ ಹಣ್ಣನ್ನು ನಿಲ್ಲಿಸಿ, ಮತ್ತೂ ಹಾಗೆಯೇ ಮುಂದುವರಿದರೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಹಿಕ್ಕೆಯ ಮಾದರಿಯೊಂದಿಗೇ ಹೋಗಿ. ನಮಸ್ಕಾರ.