ಕೊನೆಯ ಬಸ್ಸು, ಕೊನೆಯ ದೃಶ್ಯ

ಕೇಳುಗರಿಗೆ ನಮಸ್ಕಾರ.

ಕಳೆದ ನಾಲ್ಕು ವರ್ಷಗಳಲ್ಲಿ ಶಿವಮೊಗ್ಗದಲ್ಲಿ ನಾನು ಹನ್ನೊಂದು ನಾಟಕ ನೋಡಿದ್ದೇನೆ. ಅವುಗಳಲ್ಲಿ ಎಂಟರ ಕೊನೆ ಏನಾಯಿತೆಂದು ನನಗೆ ಗೊತ್ತಿಲ್ಲ.

ದುರ್ಗಿಗುಡಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮನೆ ಕುಂಸಿಯಿಂದ ಒಳಗೆ. ಸಾಗರ ರಸ್ತೆಯಲ್ಲಿ ಹೊತ್ತು ಮೀರಿದ ಮೇಲೂ ಬಸ್ಸು ಸಿಗುತ್ತದೆ, ಆದರೆ ನಮ್ಮೂರಿನ ಒಳದಾರಿಗೆ ತಿರುಗುವ ಕಡೆಯ ಬಸ್ಸು ಶಿವಮೊಗ್ಗ ಬಿಡುವುದು ರಾತ್ರಿ 8.15ಕ್ಕೆ. ಸ್ಕೂಟರ್ ಇಲ್ಲವೇ ಎಂದು ಕೇಳುತ್ತಾರೆ. ಇದೆ. ಆದರೆ ಆ ಒಳದಾರಿಯಲ್ಲಿ ರಾತ್ರಿ ಒಬ್ಬಳೇ ಬರುವವಳು ಕಾಡುಕೋಣಕ್ಕಿಂತ ಊರವರ ಬಾಯಿಗೆ ಹೆಚ್ಚು ಹೆದರಬೇಕು.

ಹಾಗಾಗಿ ರಂಗಮಂದಿರದಲ್ಲಿ ನನ್ನ ಜಾಗ ಕೊನೆಯ ಸಾಲಿನ ಬಾಗಿಲ ಪಕ್ಕದ ಕುರ್ಚಿ. ಚೀಲದ ಜಿಪ್ ಎಳೆದು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಕರಪತ್ರದಲ್ಲಿ 6.30 ಎಂದಿರುತ್ತದೆ. ಸಾಮಾನ್ಯವಾಗಿ ಆ ಹೊತ್ತಿಗೆ ಶುರುವಾಗುವುದು ನಾಟಕವಲ್ಲ, ಸಭಾ ಕಾರ್ಯಕ್ರಮ. ದೀಪ ಬೆಳಗಿಸಬೇಕು, ಬತ್ತಿ ಹತ್ತಿಕೊಳ್ಳಬೇಕು, ಹಾರ, ಶಾಲು, ನೆನಪಿನ ಕಾಣಿಕೆ ಆಗಬೇಕು. ಅಧ್ಯಕ್ಷರು ‘ನಿಮ್ಮ ಮತ್ತು ನಾಟಕದ ನಡುವೆ ನಾನು ನಿಲ್ಲುವುದಿಲ್ಲ’ ಎಂದು ಹೇಳಿ ಇಪ್ಪತ್ತು ನಿಮಿಷ ನಿಲ್ಲುತ್ತಾರೆ. ಅವರ ಒಂದೊಂದು ಮಾತಿಗೂ ನನ್ನ ಒಂದೊಂದು ದೃಶ್ಯ ಕಳೆಯುತ್ತದೆ. ಅವರಿಗೆ ಕಾರು ಇದೆ.

ಹೋದ ವರ್ಷದ ಒಂದು ನಾಟಕದಲ್ಲಿ ಮೊದಲಿನಿಂದಲೂ ರಂಗದ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಎಲ್ಲರೂ ಅದರ ಮೇಲೆ ಕೂರುತ್ತಾರೆ, ಅದಕ್ಕಾಗಿ ಜಗಳವಾಡುತ್ತಾರೆ, ತೆರೆಯುವುದು ಮಾತ್ರ ಇಲ್ಲ. ಕಡೆಗೆ ಮುದುಕಿಯ ಪಾತ್ರ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆಯಿತು. ನನ್ನ ಮೊಬೈಲ್‌ನಲ್ಲಿ ಗಂಟೆ 7.52. ಮುದುಕಿ ಬೀಗಕ್ಕೆ ಕೈ ಹಾಕುವುದಕ್ಕೂ ನಾನು ಚಪ್ಪಲಿ ಸದ್ದಾಗದಂತೆ ಎದ್ದು ಹೊರಗೆ ಬರುವುದಕ್ಕೂ ಸರಿಹೋಯಿತು. ಮರುದಿನ ಅದೇ ನಾಟಕ ನೋಡಿದ್ದ ಪರಿಚಿತರನ್ನು ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಏನೋ ಇತ್ತು, ನೆನಪಾಗುತ್ತಿಲ್ಲ’ ಎಂದರು. ಪೂರ್ತಿ ನೋಡುವ ಭಾಗ್ಯ ಇದ್ದವರಿಗೆ ನೆನಪಿಟ್ಟುಕೊಳ್ಳುವ ಹಂಗೂ ಇಲ್ಲ!

ಈ ವಿಷಯದಲ್ಲಿ ನಾನು ನನ್ನ ಅಜ್ಜಿಯನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತೇನೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಒಬ್ಬಳೇ ಬಸ್ಸು ಹತ್ತಿದ್ದೂ ಕಡಿಮೆ. ಆದರೆ ಹರೆಯದಲ್ಲಿ ಅವಳು ನೋಡಿದಷ್ಟು ಯಕ್ಷಗಾನದ ಆಟವನ್ನು ನಾನು ಈ ಜನ್ಮದಲ್ಲಿ ನೋಡಲಾರೆ. ಊರಿನ ಹತ್ತು ಹೆಂಗಸರು ಚಾಪೆ, ಕಂಬಳಿ, ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಗದ್ದೆಬಯಲಿಗೆ ಹೋದರೆ ಬರುವುದು ಬೆಳಗಿನ ಮಂಗಳ ಮುಗಿದ ಮೇಲೆ. ಯಕ್ಷಗಾನ ರಾತ್ರಿಯಿಡೀ ಏಕೆ ನಡೆಯುತ್ತಿತ್ತು ಎಂಬುದಕ್ಕೆ ತಿಳಿದವರು ಹಲವು ಕಾರಣ ಕೊಟ್ಟಾರು. ನನಗೆ ಕಾಣುವುದು ಒಂದೇ. ಕತ್ತಲಾಗುವ ಮುಂಚೆ ಬಂದವರು ಬೆಳಕಾದ ಮೇಲೆ ಹೋಗಬಹುದು. ನಡುರಾತ್ರಿಯಲ್ಲಿ ಮನೆಗೆ ಹೋಗುವ ಪ್ರಶ್ನೆಯನ್ನೇ ಆಟ ನುಂಗಿಬಿಡುತ್ತಿತ್ತು. ಈಗ ಬಹಳ ಕಡೆ ಕಾಲಮಿತಿ ಪ್ರದರ್ಶನ. ಜನಕ್ಕೆ ಮರುದಿನ ಕೆಲಸವಿದೆ ಎನ್ನುತ್ತಾರೆ, ನಿಜವೇ. ಆದರೆ ಸಂಜೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುವ ಆಟದಿಂದ ಹೊರಬಿದ್ದವಳು ಸೇರುವುದೆಲ್ಲಿಗೆ?

2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ಆಡಿತು. ಸುಮಾರು ಒಂಬತ್ತು ಗಂಟೆಯ ನಾಟಕ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ನಡೆದುಹೋಗಬೇಕು. ನಾನಾಗ ಶಾಲೆಯಲ್ಲಿದ್ದೆ. ನಮ್ಮ ತೀರ್ಥಹಳ್ಳಿ ಕಡೆಯ ಕಥೆ ದೂರದ ಮೈಸೂರಿನಲ್ಲಿ ನಡೆಯಿತು ಎಂಬ ಸಣ್ಣ ಮುನಿಸು ನನಗೆ ಇನ್ನೂ ಇದೆ. ಅಜ್ಜಿಗೆ ಅದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: ‘ಮಲಗಲು ಜಾಗ ಇತ್ತೇ?’

ನಾಟಕವನ್ನು ಕೊನೆಯ ಚಪ್ಪಾಳೆಯವರೆಗೆ ಮೊದಲು ನೋಡಿದ್ದು ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣನವರು ಗೆಳೆಯರೊಂದಿಗೆ 1949ರಲ್ಲಿ ಕಟ್ಟಿದ ರಂಗಸಂಸ್ಥೆ ನೀನಾಸಮ್, 1985ರಿಂದ ನಾಟಕ ಹೊತ್ತು ಊರೂರು ಸುತ್ತುವ ಅದರ ತಿರುಗಾಟ, ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಹೋಗಿದ್ದು ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ. ಜಾಗತಿಕ ರಂಗಭೂಮಿಯ ಬಗ್ಗೆ ದೊಡ್ಡವರು ಆಡಿದ ಮಾತು ಅರ್ಧ ತಲೆಯ ಮೇಲೆ ಹಾದುಹೋಯಿತು. ನೆನಪಿರುವುದು ಶಿವರಾಮ ಕಾರಂತ ರಂಗಮಂದಿರದಲ್ಲಿ ಬಾಗಿಲಿನಿಂದ ದೂರ, ಸಾಲಿನ ನಟ್ಟನಡುವೆ ಕೂತಿದ್ದು. ರಾತ್ರಿ ಉಳಿಯಲು ಅಲ್ಲೇ ವ್ಯವಸ್ಥೆ ಇತ್ತು. ಗಂಟೆ ನೋಡದೆ ನಾಟಕ ನೋಡಿದರೆ ನಟರ ಮೌನವೂ ಕೇಳಿಸುತ್ತದೆ ಎಂದು ಅವತ್ತು ಗೊತ್ತಾಯಿತು.

ಸಿನಿಮಾ ವಿಷಯ ಬೇರೆಯೇನಲ್ಲ. ಲಕ್ಷ್ಮೀ ಟಾಕೀಸ್ ಎಂಬುದು ನನ್ನ ಪಾಲಿಗೆ ಮೊದಲು ಬಸ್ ನಿಲ್ದಾಣ, ಆಮೇಲೆ ಚಿತ್ರಮಂದಿರ. ಟಾಕೀಸಿನ ಮ್ಯಾಟಿನಿ ಅಮ್ಮನ ಕಾಲದ ಹೆಂಗಸರದ್ದು. ಅಡುಗೆ ಮುಗಿಸಿ ಹೋಗಿ, ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಮನೆಗೆ ಬಂದು ಚಹಾಕ್ಕೆ ನೀರಿಡಬೇಕು. ಸೆಕೆಂಡ್ ಷೋ ಗಂಡಸರದ್ದು. ಈ ಇಪ್ಪತ್ತಾರು ವರ್ಷಗಳಲ್ಲಿ ನಾನು ಒಂದೂ ಸೆಕೆಂಡ್ ಷೋ ನೋಡಿಲ್ಲ. ಮಾಲ್‌ಗಳು ಬಂದ ಮೇಲೆ ಕುರ್ಚಿ ಮೆತ್ತಗಾಗಿದೆ, ಟಿಕೆಟಿನ ಬೆಲೆ ಏರಿದೆ. ಕಡೆಯ ಬಸ್ಸಿನ ಹೊತ್ತು ಮಾತ್ರ ಹಾಗೇ ಇದೆ.

ಅಜ್ಜಿ ಮತ್ತು ನಾನು ಒಟ್ಟಿಗೆ ಕೂತು ಪೂರ್ತಿ ನೋಡಿದ ಸಿನಿಮಾ ಮನೆಯಲ್ಲೇ, ಟಿವಿಯಲ್ಲಿ. ಸಾಗರದ ನಾ. ಡಿಸೋಜ ಅವರ ಕಥೆಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ದ್ವೀಪ’. ಅಜ್ಜಿ ಮುಳುಗಡೆಯವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ದಡದ ಅವಳ ಊರು ನೀರಿನ ಕೆಳಗೆ ಹೋಯಿತು. ಸೌಂದರ್ಯ ಮಾಡಿದ ನಾಗಿಯ ಪಾತ್ರವನ್ನು ಅವಳು ನೋಡುತ್ತಾಳೆಂದು ನಾನು ಕಾದೆ. ಅವಳ ಕಣ್ಣೆಲ್ಲ ನೀರಿನ ಮೇಲೆ. ‘ಇಷ್ಟು ಸದ್ದು ಮಾಡಿಕೊಂಡು ಬರಲಿಲ್ಲ’ ಎಂದಳು ಒಮ್ಮೆ. ಮನೆ ಉಳಿಸಿಕೊಳ್ಳಲು ಹೆಣಗಿದ ನಾಗಿಯ ದುಡಿಮೆಯನ್ನು ಗಂಡ ದೇವರ ಲೆಕ್ಕಕ್ಕೆ ಬರೆದಾಗ ಮಾತ್ರ ಬಾಯಲ್ಲಿದ್ದ ಎಲೆಅಡಿಕೆ ಉಗಿಯಲು ಎದ್ದುಹೋದಳು. ಅಂಥ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಕೊನೆ ನೋಡದ ನನ್ನ ಗೋಳನ್ನು ಅಜ್ಜಿಗೆ ತೋಡಿಕೊಂಡರೆ ಅವಳು ನಗುತ್ತಾಳೆ. ಬಯಲಾಟದಲ್ಲಿ ಅವಳು ಅರ್ಧ ರಾತ್ರಿ ನಿದ್ದೆಯನ್ನೇ ಮಾಡುತ್ತಿದ್ದಳಂತೆ. ರಾಕ್ಷಸ ಪಾತ್ರದ ಬಣ್ಣದ ವೇಷ ಬರುವಾಗ ಚಂಡೆಯ ಸದ್ದಿಗೆ ಎಚ್ಚರವಾದರೆ ಸಾಕು. ಕೀಚಕ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು, ಹೇಗೆ ಸಾಯುತ್ತಾನೆಂದು ನೋಡಲು ಹೋಗುವುದು. ‘ನಿಮ್ಮ ನಾಟಕದಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ, ಅದಕ್ಕೇ ನಿನಗೆ ಇಷ್ಟು ಪರದಾಟ’ ಎಂದಳು.

ಆಗ ಆ ಪೆಟ್ಟಿಗೆಯ ಕಥೆ ಹೇಳಿದೆ. ಅಜ್ಜಿ ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡಳು.

‘ನಾವೂ ಮುಳುಗಡೆಯಲ್ಲಿ ಒಂದು ಪೆಟ್ಟಿಗೆ ತಂದಿದ್ದೆವು’ ಎಂದಳು. ‘ಲಾರಿಯಲ್ಲಿ ನಾನು ಅದರ ಮೇಲೇ ಕೂತಿದ್ದೆ. ಬೀಜದ ಭತ್ತ ಇತ್ತು. ಇಲ್ಲಿ ಕಾಡು ಕಡಿದು ಗದ್ದೆ ಮಾಡುವ ಹೊತ್ತಿಗೆ ಮುಗ್ಗಿಹೋಗಿತ್ತು.’

ಆ ನಾಟಕ ಮತ್ತೆ ಶಿವಮೊಗ್ಗಕ್ಕೆ ಬಂದರೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಬಾಗಿಲ ಪಕ್ಕದಲ್ಲಿ ಕೂರುವುದಿಲ್ಲ. ಬಸ್ಸಿನ ವಿಚಾರ ಆಮೇಲೆ ನೋಡಿಕೊಳ್ಳುತ್ತೇವೆ.

ನಮಸ್ಕಾರ.