ಕಲ್ಲು ನಿಲ್ಲಿಸಿದ ಮೇಲೆ

(ಚಿಕ್ಕಬಳ್ಳಾಪುರದಲ್ಲಿ ಸೈನಿಕರ ಕುಟುಂಬದವರು ಹಾಗೂ ಪಂಚಾಯಿತಿ ಸದಸ್ಯರ ಮುಂದೆ ನೀಡಿದ ಉಪನ್ಯಾಸ)

ಹಿರಿಯರಿಗೆ, ತಾಯಂದಿರಿಗೆ, ಪಂಚಾಯಿತಿ ಸದಸ್ಯರಿಗೆ, ಕುರ್ಚಿ ಸಿಗದೆ ಬಾಗಿಲ ಬಳಿ ನಿಂತಿರುವ ಹುಡುಗರಿಗೆ ನಮಸ್ಕಾರ.

ನಮ್ಮ ಸೀಮೆಗೆ ಸತ್ತ ಯೋಧನನ್ನು ಗೌರವಿಸುವುದು ಹೊಸದಲ್ಲ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಬಾಗಿಲಲ್ಲಿ ವೀರಗಲ್ಲುಗಳಿವೆ. 1905ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದು. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಎಲ್ಲವೂ ಕೋಲಾರಕ್ಕೇ ಸೇರಿದ್ದವು. ವೀರಗಲ್ಲುಗಳ ಕಾಲದ ಶಾಸನಗಳಲ್ಲಿ ಮೂರು ಪದಗಳು ಸಿಗುತ್ತವೆ: ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ. ಮೂರೂ ಭೂಮಿಗೆ ಸಂಬಂಧಿಸಿದ ಪದಗಳೇ. ತುರು ಕಾಯುತ್ತಲೋ ಗಡಿಕಾಳಗದಲ್ಲೋ ಬಿದ್ದವನ ಹೆಸರಿಗೆ ಕಲ್ಲು ನಿಲ್ಲಿಸುತ್ತಿದ್ದರು, ಅವನ ಮನೆಯವರಿಗೆ ಮಣ್ಣು ಬಿಡುತ್ತಿದ್ದರು. ಹೆಸರು ಕಲ್ಲಿನ ಮೇಲೆ, ಅನ್ನ ಮಣ್ಣಿನಲ್ಲಿ.

ನಾವೀಗ ಕಲ್ಲಿನ ಪಾಲನ್ನು ಚೆನ್ನಾಗಿಯೇ ಮಾಡುತ್ತಿದ್ದೇವೆ. ವೃತ್ತಕ್ಕೆ ಹೆಸರಿಡುತ್ತೇವೆ, ಫ್ಲೆಕ್ಸ್ ಕಟ್ಟುತ್ತೇವೆ. ಮಣ್ಣಿನ ಪಾಲು ಮಾತ್ರ ಆ ಮನೆಯ ಹೆಣ್ಣುಮಗಳ ತಲೆಗೆ, ಕಾಗದದ ಕಂತೆಯಾಗಿ ಬಂದು ಬೀಳುತ್ತದೆ. ನನ್ನ ಮಾತು ಆ ಕಂತೆಯ ಬಗ್ಗೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಗುಂಡು ತಗುಲಿ ಸತ್ತರೆ ಮಾತ್ರ ಬಲಿದಾನ ಅಂದುಕೊಂಡಿದ್ದೇವೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19ನೇ ಮದ್ರಾಸ್ ಬೆಟಾಲಿಯನ್‌ನ ಹತ್ತು ಮಂದಿ ಹಿಮದಡಿ ಸಿಕ್ಕರು. ಆರು ದಿನದ ಮೇಲೆ ಜೀವಂತ ಸಿಕ್ಕಿದ ನಮ್ಮ ಧಾರವಾಡ ಜಿಲ್ಲೆಯ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಫೆಬ್ರವರಿ 11ರಂದು ತೀರಿಕೊಂಡರು. ಅಲ್ಲಿ ಶತ್ರುವಿನ ಗುಂಡು ಇರಲಿಲ್ಲ. ಆ ಠಾಣೆ ಸುಮಾರು 19,600 ಅಡಿ ಎತ್ತರದಲ್ಲಿದೆ. ನಂದಿಬೆಟ್ಟ 4,851 ಅಡಿ. ಒಂದರ ಮೇಲೊಂದು ನಾಲ್ಕು ನಂದಿಬೆಟ್ಟ ಪೇರಿಸಿದರೂ ಆ ಠಾಣೆ ಮುಟ್ಟುವುದಿಲ್ಲ. ಅಲ್ಲಿಗೆ ಹೋಗುವವನು 9,000 ಅಡಿ ದಾಟಿದ ಮೇಲೆ ಮೊದಲ ಹಂತದಲ್ಲಿ ಆರು ದಿನ, 12,000 ಅಡಿಯ ಮೇಲೆ ನಾಲ್ಕು ದಿನ, 15,000ದ ಮೇಲೆ ಮತ್ತೆ ನಾಲ್ಕು ದಿನ ತಂಗಿ ಮೈ ಒಗ್ಗಿಸಿಕೊಳ್ಳಬೇಕು. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನನ್ನೂ ಬಿಡುವುದಿಲ್ಲ. ರಜೆಗೆ ಊರಿಗೆ ಬಂದು ಹೋದವನೂ ಮತ್ತೆ ಒಗ್ಗಿಸಿಕೊಳ್ಳಬೇಕು. ಹಬ್ಬಕ್ಕೆ ಬಂದ ಮಗನನ್ನು ‘ಇನ್ನೆರಡು ದಿನ ಇರಪ್ಪ’ ಅಂದಾಗ ಅವನು ಚಡಪಡಿಸುವುದು ಸುಮ್ಮನೆ ಅಲ್ಲ.

ಸಾವು ಹೇಗಾಯಿತು ಎಂಬುದರ ಮೇಲೆ ಕಾಗದದಲ್ಲಿ ಒಂದು ಅಕ್ಷರ ಬೀಳುತ್ತದೆ. ‘ಹುತಾತ್ಮ’ ಎಂಬ ಪದ ನಮ್ಮ ಭಾಷಣದಲ್ಲಿದೆ, ಸರ್ಕಾರಿ ಕಡತದಲ್ಲಿ ಇಲ್ಲ. ಅಲ್ಲಿರುವುದು ಎ, ಬಿ, ಸಿ, ಡಿ, ಇ ಎಂಬ ವರ್ಗ. ಸೇವೆಗೆ ಸಂಬಂಧವಿಲ್ಲದ ಸಾವು ಎ. ಸೇವೆಯಿಂದ ಬಂದ ಅಥವಾ ಸೇವೆಯಿಂದ ಉಲ್ಬಣಿಸಿದ ಕಾಯಿಲೆ ಬಿ. ಕರ್ತವ್ಯದಲ್ಲಿದ್ದಾಗ ಅಪಘಾತ ಸಿ. ಉಗ್ರರ ದಾಳಿಯಂಥದ್ದು ಡಿ, ಶತ್ರುವಿನೊಡನೆ ಕಾಳಗದಲ್ಲಿ ಆದದ್ದು ಇ. ಲೆಕ್ಕ ನೋಡಿ. ಯೋಧನ ಕೊನೆಯ ಪರಿಗಣನಾರ್ಹ ವೇತನ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಎ ವರ್ಗವಾದರೆ ಹೆಂಡತಿಗೆ ಸಾಮಾನ್ಯ ಕುಟುಂಬ ಪಿಂಚಣಿ: ಮೊದಲ 10 ವರ್ಷ ಶೇ. 50, ಅಂದರೆ 20,000, ಆಮೇಲೆ ಶೇ. 30, ಅಂದರೆ 12,000. ಬಿ ಅಥವಾ ಸಿ ಆದರೆ ವಿಶೇಷ ಕುಟುಂಬ ಪಿಂಚಣಿ, ಶೇ. 60, ಅಂದರೆ 24,000. ಡಿ ಅಥವಾ ಇ ಆದರೆ ಉದಾರೀಕೃತ ಪಿಂಚಣಿ, ಪೂರಾ 40,000. ತುಟ್ಟಿಭತ್ಯೆ ಇದರ ಮೇಲೆ. ಒಂದು ಅಕ್ಷರ ಆಚೀಚೆ ಆದರೆ ಆ ಮನೆಯ ಮಕ್ಕಳು ಓದುವ ಕಾಲೇಜೇ ಬದಲಾಗಿಬಿಡುತ್ತದೆ.

ಪರಿಹಾರಧನ ಬೇರೆ. 2016ರ ಜನವರಿ 1ರಿಂದ ಅನ್ವಯವಾದ ದರದಂತೆ ಕರ್ತವ್ಯದ ಅಪಘಾತಕ್ಕೂ ಉಗ್ರರ ದಾಳಿಗೂ 25 ಲಕ್ಷ. ಗಡಿ ಚಕಮಕಿಗೆ 35 ಲಕ್ಷ. ಗೊತ್ತುಪಡಿಸಿದ ಎತ್ತರದ, ದುರ್ಗಮ ಠಾಣೆಗಳಲ್ಲಿ ಹವಾಮಾನಕ್ಕೆ ಬಲಿಯಾದವರಿಗೂ ಅಷ್ಟೇ. ಯುದ್ಧದಲ್ಲಾದರೆ 45 ಲಕ್ಷ. ಹಿಮಕ್ಕೆ ಸಿಕ್ಕವನ ಮನೆಯವರು ‘ನಮಗೇನೂ ಇಲ್ಲ’ ಎಂದು ಸುಮ್ಮನಾಗಬೇಕಿಲ್ಲ.

ಈ ಅಕ್ಷರ ನಿರ್ಧಾರವಾಗುವುದು ಘಟಕ ನಡೆಸುವ ವಿಚಾರಣೆಯ ದಾಖಲೆ ನೋಡಿ. ಮನೆಗೆ ಪತ್ರ ಬಂದಾಗ ಮೊತ್ತ ನೋಡಿ ಮಡಚಿ ಇಡುತ್ತೇವಲ್ಲ, ಅಲ್ಲೇ ಎಡವುವುದು. ವರ್ಗ ಯಾವುದೆಂದು ಓದಿಸಿ. ತಪ್ಪಾಗಿದೆ ಅನ್ನಿಸಿದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು. ವರ್ಷಾಬ್ದಿಕ ಮುಗಿಯಲಿ ಎಂದು ಕಾದರೆ ಅವಧಿ ಮೀರಿರುತ್ತದೆ. ಎರಡನೇ ಮೇಲ್ಮನವಿಯೂ ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕಕ್ಕೆ ಕೊಚ್ಚಿಯ ಪೀಠ.

ಇನ್ನು ಹೆಸರಿನ ಗೋಳು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಕಡೆಯ ಒಬ್ಬ ತಾಯಿ ಮನೆಯಲ್ಲಿ ಎಂಕಟಮ್ಮ, ಆಧಾರ್‌ನಲ್ಲಿ ವೆಂಕಟಮ್ಮ ಎನ್., ಬ್ಯಾಂಕಿನಲ್ಲಿ ಎನ್. ವೆಂಕಟಲಕ್ಷ್ಮಮ್ಮ. ಮಗ ಸೇನೆಗೆ ಸೇರುವಾಗ ಯಾರೋ ಹಿಂದಿ ಗುಮಾಸ್ತ ಕಿವಿಗೆ ಬಿದ್ದಂತೆ ‘ವೆಂಕಟ ದೇವಿ’ ಎಂದು ಬರೆದಿರುತ್ತಾನೆ. ನಾಲ್ಕು ಹೆಸರು, ಒಬ್ಬಳೇ ಹೆಂಗಸು. ಕಂಪ್ಯೂಟರಿಗೆ ನಾಲ್ವರು. ಯೋಧ ಬದುಕಿರುವಾಗ ಇದನ್ನು ಸರಿಪಡಿಸಲು ಅವನದೇ ಘಟಕದಲ್ಲಿ ಒಂದು ಅರ್ಜಿ ಸಾಕು. ಮದುವೆ, ಮಗುವಿನ ಜನನ, ಹೆಸರಿನ ತಿದ್ದುಪಡಿ ಎಲ್ಲ ಪಾರ್ಟ್ ಟೂ ಆರ್ಡರ್‌ನಲ್ಲಿ ದಾಖಲಾಗುತ್ತವೆ. ಅವನು ಹೋದ ಮೇಲೆ ಅದೇ ಕೆಲಸಕ್ಕೆ ಪ್ರಮಾಣಪತ್ರ, ತಹಶೀಲ್ದಾರರ ಕಚೇರಿ, ರೆಕಾರ್ಡ್ಸ್ ಕಚೇರಿ ಎಂದು ಅಲೆದಾಟ. ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿದೆ. ಮಗ ರಜೆಗೆ ಬಂದಿದ್ದರೆ ಇವತ್ತು ರಾತ್ರಿಯೇ ಊಟದ ಮುಂದೆ ಕೇಳಿ: ‘ನಿನ್ನ ಹೆಂಡತಿ ಹೆಸರು ಪಾರ್ಟ್ ಟೂನಲ್ಲಿ ಬಿದ್ದಿದೆಯೇನಪ್ಪ?’ ಅಪಶಕುನ ಅಂದುಕೊಳ್ಳಬೇಡಿ.

ನಾಮಿನಿ ವಿಷಯ ಇನ್ನೂ ಸೂಕ್ಷ್ಮ. ಸೇರುವಾಗ ಮದುವೆಯಾಗಿರುವುದಿಲ್ಲ, ತಾಯಿಯ ಹೆಸರು ಕೊಟ್ಟಿರುತ್ತಾನೆ. ಮದುವೆಯಾದ ಮೇಲೆ ಬದಲಿಸಲು ಮರೆಯುತ್ತಾನೆ. ಕುಟುಂಬ ಪಿಂಚಣಿ ನಿಯಮದ ಪ್ರಕಾರ ಹೆಂಡತಿಗೆ ಹೋಗುತ್ತದೆ, ವಿಮೆಯ ಹಣ ನಾಮಿನಿಗೆ. ಒಂದೇ ಮನೆಯ ಅತ್ತೆ ಸೊಸೆ ಎದುರುಬದುರಾಗುವುದು ಇಲ್ಲಿಂದಲೇ. ಯಾರದೂ ದುರಾಸೆಯಲ್ಲ, ಒಂದು ನಮೂನೆ ತುಂಬದೆ ಉಳಿದದ್ದು. ವಿಮೆಯಲ್ಲಿ ತಾಯಿಗಿಷ್ಟು ಹೆಂಡತಿಗಿಷ್ಟು ಎಂದು ಪಾಲು ಬರೆಯಲು ಅವಕಾಶವಿದೆ, ಬರೆಯಿಸಿ.

ಪಿಂಚಣಿ ಶುರುವಾದ ಮೇಲೂ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡದಿದ್ದರೆ ಹಣ ನಿಲ್ಲುತ್ತದೆ. ಶಿಡ್ಲಘಟ್ಟದ ಕಡೆ ಬಿಸಿನೀರಿನಲ್ಲಿ ಗೂಡು ಬಿಚ್ಚುವ ಹೆಂಗಸರ ಬೆರಳಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಹತ್ತು ಸಲ ಒತ್ತಿಸಿ ವಾಪಸು ಕಳಿಸಬೇಡಿ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಬಾಗಿಲ ಬಳಿಯ ಹುಡುಗರೇ, ಇದು ನಿಮ್ಮ ಕೆಲಸ.

ಗಡಿ ಕಾಯುವವರೆಲ್ಲ ಸೇನೆಯವರಲ್ಲ. ಪಾಕಿಸ್ತಾನ, ಬಾಂಗ್ಲಾ ಗಡಿಗೆ ಬಿಎಸ್‌ಎಫ್, ಚೀನಾ ಕಡೆಗೆ ಐಟಿಬಿಪಿ, ನೇಪಾಳ ಭೂತಾನಕ್ಕೆ ಎಸ್‌ಎಸ್‌ಬಿ. ಇವು ಗೃಹ ಸಚಿವಾಲಯದ ಪಡೆಗಳು. ನಾನು ಹೇಳಿದ ಅಕ್ಷರದ ಲೆಕ್ಕ ಇವರಿಗೆ ಹಾಗೇ ಅನ್ವಯಿಸದು. ಅಗ್ನಿವೀರರಿಗೆ 48 ಲಕ್ಷದ ವಿಮೆ ಇದೆ, ಮಾಮೂಲಿ ಕುಟುಂಬ ಪಿಂಚಣಿ ಇಲ್ಲ. ಊರವರಿಗೆ ಎಲ್ಲರೂ ‘ಮಿಲ್ಟ್ರಿಯವರೇ’, ಕಡತಕ್ಕೆ ಹಾಗಲ್ಲ.

ಕಲ್ಲಿನ ಪಾಲಿನ ಬಗ್ಗೆ ಪಂಚಾಯಿತಿಯವರಿಗೆ ಎರಡು ಮಾತು. ಪಾರ್ಥಿವ ಶರೀರದ ಮೇಲೆ ಧ್ವಜ ಹೊದಿಸುವಾಗ ಕೇಸರಿ ತಲೆಯ ಕಡೆ ಬರಬೇಕು. ಚಿತೆಗೆ ಬೆಂಕಿ ಇಡುವ ಮುನ್ನ, ಗುಂಡಿಗೆ ಇಳಿಸುವ ಮುನ್ನ ಧ್ವಜ ತೆಗೆಯಲೇಬೇಕು; ಅದು ಸುಡಬಾರದು, ಮಣ್ಣಿಗೆ ಹೋಗಬಾರದು. ಮಡಚಿದ ಧ್ವಜ ಮನೆಯವರ ಕೈಗೆ ಸೇರಲಿ, ವೇದಿಕೆಯ ಗಣ್ಯರ ಕೈಗಲ್ಲ. ಸ್ಮಾರಕದ ಕಲ್ಲಿನಲ್ಲಿ ಹೆಸರು, ಹುದ್ದೆಯ ಜೊತೆ ಸೇನಾ ಸಂಖ್ಯೆಯನ್ನೂ ರೆಜಿಮೆಂಟನ್ನೂ ತೀರಿಕೊಂಡ ಸ್ಥಳವನ್ನೂ ಕೆತ್ತಿಸಿ. ಬಣ್ಣದಲ್ಲಿ ಬರೆಸಿದರೆ ನಾಲ್ಕು ಮಳೆಗೆ ಹೋಗುತ್ತದೆ. ಸಾವಿರ ವರ್ಷದ ವೀರಗಲ್ಲನ್ನು ನಾವಿನ್ನೂ ಓದಬಲ್ಲೆವಾದರೆ ಅದು ಉಳಿಯ ಕೆಲಸ.

ಹೊರಗೆ ಜಗುಲಿಯಲ್ಲಿ ಎರಡು ಮೇಜು ಹಾಕಿದೆ. ಒಂದರಲ್ಲಿ ಜೀವನ ಪ್ರಮಾಣ, ಇನ್ನೊಂದರಲ್ಲಿ ಹೆಸರಿನ ಹೊಂದಾಣಿಕೆ ನೋಡಿಕೊಡುತ್ತಾರೆ. ಪಿಂಚಣಿ ಆದೇಶ, ಆಧಾರ್, ಪಾಸ್‌ಬುಕ್, ಯೋಧನ ಡಿಸ್ಚಾರ್ಜ್ ಪುಸ್ತಕ ಅಥವಾ ಮರಣದ ಕಾಗದ ತಂದವರು ಮೊದಲು ಹೋಗಿ. ಜೆರಾಕ್ಸ್ ಅಂಗಡಿ ಐದೂವರೆಗೆ ಬಾಗಿಲು ಹಾಕುತ್ತದೆ.